ಎಲ್ಲರೂ ಯಾಜಕರಾದರೆ ಅಯ್ಯನವರು ಯಾಕೆ?

ನಮ್ಮ ಕ್ರೈಸ್ತ ಸಭೆಯಲ್ಲಿ ಬೈಬಲ್ ಪಾಠ ಹೇಳುವ ನನ್ನನ್ನು ಒಳಗಿನವರೂ ಹೊರಗಿನ ಸ್ನೇಹಿತರೂ ಪದೇ ಪದೇ ಕೇಳುವ ಪ್ರಶ್ನೆಯಿದು: ಕ್ರಿಸ್ತನನ್ನು ನಂಬಿದವರೆಲ್ಲರೂ ಯಾಜಕರೇ ಎಂದ ಮೇಲೆ ಸಭೆಯನ್ನು ನಡೆಸುವ ಅಯ್ಯನವರು, ಅಂದರೆ ಪಾಸ್ಟರ್, ಯಾಕೆ ಬೇಕು?

ಇದರ ಬೇರು ಬೈಬಲಿನಲ್ಲಿರುವ ಪೇತ್ರನ ಮೊದಲನೆಯ ಪತ್ರದ 2ನೇ ಅಧ್ಯಾಯದಲ್ಲಿದೆ. ಈಗಿನ ಟರ್ಕಿಗೆ ಸೇರಿದ ಪೊಂತ, ಗಲಾತ್ಯ, ಕಪ್ಪದೋಕ್ಯ ಮೊದಲಾದ ಸೀಮೆಗಳಲ್ಲಿ ಪರದೇಶಿಗಳಂತೆ ಚದರಿ ಬಾಳುತ್ತಿದ್ದ, ಯಜಮಾನರ ಮನೆಗಳಲ್ಲಿ ದುಡಿಯುವ ಆಳುಗಳೂ ಸೇರಿದ್ದ ವಿಶ್ವಾಸಿಗಳಿಗೆ, ನೀವು ರಾಜವಂಶಸ್ಥರಾದ ಯಾಜಕರು ಎಂದು ಆ ಪತ್ರ ಹೇಳುತ್ತದೆ. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ಯರಿಗೆ ಸಿಕ್ಕಿದ್ದ ಮಾತೇ ಇಲ್ಲಿ ಇವರ ಪಾಲಿಗೂ ಬಂದಿದೆ. ಹೊಸ ಒಡಂಬಡಿಕೆಯ ಗ್ರೀಕ್ ಮೂಲವು ಸಭೆಯನ್ನು ನಡೆಸುವವರನ್ನು ಹಿರಿಯರು, ಮೇಲ್ವಿಚಾರಕರು, ಸೇವಕರು ಎನ್ನುತ್ತದೆಯೇ ಹೊರತು, ದೇವಾಲಯದಲ್ಲಿ ಬಲಿಯರ್ಪಿಸುವವನಿಗಿದ್ದ ‘ಹಿಯೆರೆವ್ಸ್’ ಎಂಬ ಪದವನ್ನು ಅವರ ಹುದ್ದೆಗೆ ಎಲ್ಲಿಯೂ ಬಳಸುವುದಿಲ್ಲ.

1520ರಲ್ಲಿ ಜರ್ಮನಿಯ ಪ್ರಭುಗಳಿಗೆ ಬರೆದ ಕೃತಿಯಲ್ಲಿ, ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಇದನ್ನೇ ಹಿಡಿದು, ದೀಕ್ಷಾಸ್ನಾನ ಪಡೆದವರೆಲ್ಲರೂ ಯಾಜಕರೇ ಎಂದ. ಆದರೆ ಎಲ್ಲರಿಗೂ ಸೇರಿದ ಕೆಲಸವಾದ್ದರಿಂದಲೇ ಸಭೆಯ ಒಪ್ಪಿಗೆಯಿಲ್ಲದೆ ಯಾರೂ ಅದನ್ನು ತಾವಾಗಿ ಕೈಗೆತ್ತಿಕೊಳ್ಳಬಾರದು ಎಂದೂ ಹೇಳಿದ. ಅಯ್ಯನವರು ಯಾಕೆ ಎಂಬುದಕ್ಕೆ ನನ್ನ ಉತ್ತರವೂ ಅದೇ: ಎಲ್ಲರ ಕೆಲಸವನ್ನು ಸಭೆಯ ಒಪ್ಪಿಗೆಯಿಂದ ಎಲ್ಲರ ಪರವಾಗಿ ಮಾಡುವವರು ಅವರು. ಕಥೋಲಿಕರು ಇದನ್ನು ಒಪ್ಪುವುದಿಲ್ಲ: ಭಕ್ತರೆಲ್ಲರ ಸಾಮಾನ್ಯ ಯಾಜಕತ್ವವನ್ನು ಎತ್ತಿಹಿಡಿಯುವ 1964ರ ವ್ಯಾಟಿಕನ್ ಮಹಾಸಭೆಯ ದಾಖಲೆಯೇ, ಗುರುಗಳ ಯಾಜಕತ್ವವು ಸ್ವರೂಪದಲ್ಲೇ ಬೇರೆ ಎನ್ನುತ್ತದೆ.

ನಮ್ಮ ಪ್ರೊಟೆಸ್ಟೆಂಟರಲ್ಲಿ ನನಗೆ ಕಾಣುವ ತೊಡಕೇ ಬೇರೆ. ದೇವರಿಗೂ ನನಗೂ ನಡುವೆ ಯಾರೂ ಬೇಡ ಎಂಬಷ್ಟಕ್ಕೆ ಈ ಬೋಧನೆಯನ್ನು ಕುಗ್ಗಿಸಿಕೊಂಡಿದ್ದೇವೆ. ಪೇತ್ರನ ಪತ್ರವಾಗಲಿ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಗ್ರಂಥವಾಗಲಿ ವಿಶ್ವಾಸಿಗಳನ್ನು ಯಾಜಕರೆಂದು ಕರೆಯುವಾಗ ಒಟ್ಟಾಗಿಯೇ ಕರೆಯುತ್ತವೆ. ಮೇಲಾಗಿ, ಯಾಜಕನೆಂದರೆ ಇತರರಿಗಾಗಿ ನಿಲ್ಲುವವನು. ಮಹಾಯಾಜಕನಾದ ಆರೋನನ ಎದೆಪದಕದಲ್ಲಿ 12 ರತ್ನಗಳಿದ್ದವು, ಒಂದೊಂದರಲ್ಲೂ ಒಂದು ಕುಲದ ಹೆಸರನ್ನು ಕೆತ್ತಲಾಗಿತ್ತು. ಆ ಹೆಸರುಗಳನ್ನು ಎದೆಯ ಮೇಲೆ ಹೊತ್ತೇ ಅವನು ಸನ್ನಿಧಿಗೆ ಹೋಗಬೇಕಿತ್ತು.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ಭಾನುವಾರ ಅಯ್ಯನವರ ಮುಂದೆ ಕೈಚಾಚಿ ಕರ್ತನ ಭೋಜನದ ರೊಟ್ಟಿ ತೆಗೆದುಕೊಳ್ಳುತ್ತಿದ್ದ ಅವರೇ, ಪ್ರತಿ ರಾತ್ರಿ ಊಟಕ್ಕೆ ಮುಂಚೆ ಚಾಪೆಯ ಮೇಲೆ ಮೊಣಕಾಲೂರಿ, ತಲೆಯ ಮೇಲೆ ಸೆರಗೆಳೆದುಕೊಂಡು, ಬೀದಿಯ ಮನೆಗಳನ್ನು ಸಾಲಾಗಿ ಹೆಸರಿಸಿ ಪ್ರಾರ್ಥಿಸುತ್ತಿದ್ದರು: ಜ್ವರ ಬಿಡದ ಮಗು, ಕುಡಿದು ಬರುವ ಗಂಡ, ಬೇಲಿಯ ಜಗಳದಲ್ಲಿ ನಮ್ಮೊಡನೆ ಮಾತು ಬಿಟ್ಟಿದ್ದ ಪಕ್ಕದ ಮನೆಯವರು. ಅನ್ನ ಆರಿಹೋಗುತ್ತಿದೆ ಎಂದು ನಾವು ಗೊಣಗಿದರೂ ಆ ಪಕ್ಕದ ಮನೆಯನ್ನು ಅವರು ಒಂದು ದಿನವೂ ಬಿಟ್ಟು ಹೋಗಲಿಲ್ಲ.