ಧಾತು ಬರದಲ್ಲಿ ಹುಟ್ಟಿದ ಮುತ್ತಾತ

"ನಮ್ಮ ತಾತ ಧಾತು ಬರದಾಗ ಹುಟ್ಟಿದಾತ." ಬಳ್ಳಾರಿಯ ನಮ್ಮ ಸೋದರತ್ತೆ ಈ ಮಾತು ಎಷ್ಟು ಸಲ ಹೇಳಿದ್ದಾರೋ. ಈ ಯುಗಾದಿಗೆ ಪಂಚಾಂಗ ಹಿಡಿದು ಕೂತಾಗ ಹೊಳೆಯಿತು, ಧಾತು ಅಂದರೆ ಸಂವತ್ಸರದ ಹೆಸರು ಅಲ್ವಾ! 60 ವರ್ಷಕ್ಕೊಮ್ಮೆ ಬರುತ್ತದೆ. 1996, 1936, ಅದಕ್ಕೂ ಹಿಂದೆ 1876. ನಮ್ಮ ತಾತನೇ 1912ರಲ್ಲಿ ಹುಟ್ಟಿದವರು, ಹಾಗಾಗಿ ಅವರಪ್ಪನದು 1876ರ ಧಾತುವೇ.

ಬೀರುವಿನ ತಳದಲ್ಲಿ ಒಂದು ಕ್ರಯಪತ್ರ ಇತ್ತು. 1914ರದು. ಮಡಿಕೆ ಇದ್ದ ಕಡೆಯೆಲ್ಲ ಹರಿದು, ಶಾಯಿ ಕಂದು ಬಣ್ಣಕ್ಕೆ ತಿರುಗಿದೆ. ಭಾಷೆ ತೆಲುಗು. ನಮಗೆ ಮಾತಾಡಲು ಬರುತ್ತದೆ, ಓದಲು ಬರಲ್ಲ, ಪಕ್ಕದ ಮನೆಯ ಹಿರಿಯರೇ ಬೆರಳಿಟ್ಟು ಓದಿದರು: ಆನಂದ ನಾಮ ಸಂವತ್ಸರ, ಬಳ್ಳಾರಿ ಜಿಲ್ಲೆ, ರಾಯದುರ್ಗ ತಾಲ್ಲೂಕು. ಇಷ್ಟು ದಿನ ಮುತ್ತಾತನ ಬಗ್ಗೆ ನಾನು ಹುಡುಕಿದ್ದೆಲ್ಲ ಈಗಿನ ಬಳ್ಳಾರಿ ಜಿಲ್ಲೆಯೊಳಗೆ. ರಾಯದುರ್ಗ 1953ರಲ್ಲೇ ಆದೋನಿ, ಆಲೂರಿನ ಜೊತೆ ಆಂಧ್ರಕ್ಕೆ ಹೋಯಿತು. ಬ್ರಿಟಿಷರ ಕಾಲದಲ್ಲಿ ಇದೆಲ್ಲ ಮದ್ರಾಸ್ ಪ್ರೆಸಿಡೆನ್ಸಿ, ಹಾಗಾಗಿ ಹಳೇ ಕಡತ ಬೇಕಂದರೆ ಚೆನ್ನೈನ ಎಗ್ಮೋರಿನಲ್ಲಿರುವ ಆರ್ಕೈವ್ಸ್‌ಗೂ ಹೋಗಬೇಕು.

ಆ ಬರದ ಬಗ್ಗೆ ಓದಿದ ರಾತ್ರಿ ನಿದ್ದೆ ಬರಲಿಲ್ಲ. 1877ರಲ್ಲಿ ಬರದ ಉಸ್ತುವಾರಿಗೆ ಬ್ರಿಟಿಷ್ ಸರ್ಕಾರ ಕಳಿಸಿದ ಅಧಿಕಾರಿ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿ ಇಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್ ಕಾಳಿನ ದುಡ್ಡು, ಮೇಲೆ ಒಂದಾಣೆ. ಒಂದು ಪೌಂಡ್ ಅಂದರೆ ಅರ್ಧ ಕೇಜಿಯೂ ಆಗಲ್ಲ. ಹೆಂಗಸರಿಗೆ ಇನ್ನೂ ಕಡಿಮೆ. ಮುತ್ತಾತನ ತಾಯಿ ಹಸುಗೂಸನ್ನು ಸೀರೆಯಲ್ಲಿ ಕಟ್ಟಿಕೊಂಡು ಕೆರೆ ಕೆಲಸಕ್ಕೆ ಮಣ್ಣು ಹೊತ್ತಳಂತೆ. "ಹಗೇವು ತೆಗೆದ್ರೆ ಒಂದು ಕಾಳಿಲ್ಲ, ಬರೀ ಮಣ್ಣು ವಾಸನೆ" ಅಂತ ಅತ್ತೆ ಹೇಳುವಾಗ, ಕಾಳು ತುಂಬಿಡುವ ಆ ನೆಲದ ಗುಂಡಿಯನ್ನು ತಾನೇ ಬಗ್ಗಿ ನೋಡಿದವರ ಹಾಗೆ ಹೇಳುತ್ತಾರೆ. ಇವತ್ತಿಗೂ ಅವರು ಜೋಳದ ಡಬ್ಬ ತಳ ಕಾಣಲು ಬಿಡಲ್ಲ.

ಕ್ರಯಪತ್ರದಲ್ಲಿ ಮುತ್ತಾತನ ಹೆಸರಿದೆ, ಅವರಪ್ಪನ ಹೆಸರಿದೆ, ಹೊಲದ ನಾಲ್ಕೂ ದಿಕ್ಕಿನ ಚಕ್ಕುಬಂದಿ ಇದೆ. ಆ ಮಗುವನ್ನು ಬದುಕಿಸಿದ ತಾಯಿಯ ಹೆಸರು ಮಾತ್ರ ಎಲ್ಲೂ ಇಲ್ಲ. ನನಗೆ ಬೇಕಾಗಿರುವುದು ಅದೇ. ರಾಯದುರ್ಗದ ಕಡೆ ನಮ್ಮ ದೂರದ ಸಂಬಂಧದ ಅಜ್ಜಿ ಒಬ್ಬರು ಇನ್ನೂ ಇದ್ದಾರೆ ಅಂತ ಗೊತ್ತಾಗಿದೆ. ಬರುವ ಭಾನುವಾರ ಅತ್ತೆಯನ್ನು ಕರೆದುಕೊಂಡು ಹೊರಟಿದ್ದೇನೆ.