612 ಬಂತಾ, 914 ಬಂತಾ?

ಒಂದೇ ಒಂದು ಅಣುವಿನ ರಾಮನ್ ಸಿಗ್ನಲ್ ಹಿಡಿಯುವ ಪ್ರಯೋಗ ನಮ್ಮದು. ಅದಕ್ಕೆ ಅವತ್ತು ಬೆಳಿಗ್ಗೆ ಬೆಳ್ಳಿ ಕಣಗಳನ್ನು ಹೊಸದಾಗಿ ಮಾಡಬೇಕಿತ್ತು. ಕುದಿಯುತ್ತಿರುವ ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಹಾಕಿ ಒಂದು ಗಂಟೆ ಕುದಿಸಬೇಕು. ನೀರಿನ ಹಾಗಿದ್ದದ್ದು ಹಳದಿಗೆ ತಿರುಗಿ, ಆಮೇಲೆ ಹಸಿರು ಬೆರೆತ ಬೂದು ಬಣ್ಣಕ್ಕೆ ಬಂದು ನಿಲ್ಲುತ್ತದೆ. ಎಷ್ಟು ಸಲ ಮಾಡಿದ್ದರೂ ಆ ಬಣ್ಣ ತಿರುಗುವ ಹೊತ್ತಿಗೆ ನಾನು ಫ್ಲಾಸ್ಕ್ ಬಿಟ್ಟು ಆಚೆ ಹೋಗುವುದಿಲ್ಲ.

ರಾಮನ್ ಪರಿಣಾಮದ ಬಗ್ಗೆ ಬೆಂಗಳೂರಿನವರಿಗೆ ಜಾಸ್ತಿ ಹೇಳಬೇಕಿಲ್ಲ ಅಲ್ವಾ? 1933ರಿಂದ ರಾಮನ್ ಇದೇ ಊರಿನಲ್ಲಿದ್ದವರು. ಅಣುವಿಗೆ ತಾಗಿ ಚೆದುರಿದ ಬೆಳಕಿನಲ್ಲಿ ಒಂದು ಚೂರು ಮಾತ್ರ ಬಣ್ಣ ಬದಲಿಸುತ್ತದೆ. ಆ ಬದಲಾವಣೆಯೇ ಅಣುವಿನ ಗುರುತು. ಆದರೆ ಅದು ಕೋಟಿ ಫೋಟಾನಿಗೆ ಒಂದೋ ಎರಡೋ ಅನ್ನುವಷ್ಟು ಕಮ್ಮಿ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್ ತಂಡಕ್ಕೆ ಒರಟು ಬೆಳ್ಳಿಯ ಮೇಲೆ ಈ ಸಿಗ್ನಲ್ ಜೋರಾಗಿ ಸಿಕ್ಕಿತು. 1997ರಲ್ಲಿ ಎರಡು ತಂಡಗಳು ಬೆಳ್ಳಿ ಕಣಗಳ ಮೇಲೆ ಒಂಟಿ ಅಣುವನ್ನೇ ಕಂಡೆವು ಎಂದು ಬರೆದವು.

ಇಡೀ ವಿಷಯ ಇರುವುದು ಸಂದಿಯಲ್ಲಿ. ಬೆಳಕು ಬಿದ್ದಾಗ ಬೆಳ್ಳಿಯ ಎಲೆಕ್ಟ್ರಾನ್‌ಗಳು ಒಟ್ಟಿಗೆ ತೂಗಾಡುತ್ತವೆ. ಎರಡು ಕಣಗಳು ಒಂದು ನ್ಯಾನೋಮೀಟರ್‌ನಷ್ಟು ಹತ್ತಿರ ಬಂದರೆ ನಡುವಿನ ಸಂದಿಯಲ್ಲಿ ವಿದ್ಯುತ್ ಕ್ಷೇತ್ರ ವಿಪರೀತ ಏರುತ್ತದೆ. ಕ್ಷೇತ್ರ 100 ಪಟ್ಟು ಏರಿದರೆ ರಾಮನ್ ಸಿಗ್ನಲ್ ಹೆಚ್ಚುಕಮ್ಮಿ 10 ಕೋಟಿ ಪಟ್ಟು! ಆದರೆ ಸಿಟ್ರೇಟ್ ಅಂಟಿಕೊಂಡ ಕಣಗಳು ಒಂದನ್ನೊಂದು ದೂಡುತ್ತಿರುತ್ತವೆ. ಅದಕ್ಕೇ ಸ್ವಲ್ಪ ಉಪ್ಪು ಹಾಕುತ್ತೇವೆ. ಆಗ ಆ ತಳ್ಳಾಟ ಕಮ್ಮಿಯಾಗಿ ಕಣಗಳು ಜೊತೆಗೂಡುತ್ತವೆ. ಉಪ್ಪು ಜಾಸ್ತಿಯಾದರೆ ಎಲ್ಲಾ ಗಂಟುಕಟ್ಟಿ ತಳಕ್ಕೆ ಇಳಿಯುತ್ತದೆ.

ಸಿಗ್ನಲ್ ಬಂತು ಅಂತಿಟ್ಟುಕೊಳ್ಳಿ. ಅದು ಒಂದೇ ಅಣುವಿನದು ಅಂತ ನಂಬುವುದು ಹೇಗೆ? ಮಿನುಗುತ್ತಿದೆ ಅಂದಷ್ಟಕ್ಕೇ ನನಗೆ ಸಮಾಧಾನವಿಲ್ಲ. ಅಣು ಸುಮ್ನೆ ಜಾಗ ಬದಲಿಸಿದರೂ ಸಿಗ್ನಲ್ ಮಿನುಗಬಹುದು. ಆದ್ದರಿಂದ ಎರಡು ಬಣ್ಣಗಳನ್ನು ಬೆರೆಸಿದೆವು: ರೋಡಮೈನ್ 6ಜಿ, ಕ್ರಿಸ್ಟಲ್ ವಯೊಲೆಟ್. ಪರದೆಯ ಮೇಲೆ ಮೊದಲನೆಯದರ ಗುರುತಿನ ಗೆರೆ 612ರ ಹತ್ತಿರ, ಎರಡನೆಯದರದ್ದು 914ರ ಹತ್ತಿರ; ಚೆದುರಿದ ಬೆಳಕಿನ ಬಣ್ಣ ಎಷ್ಟು ಬದಲಾಯಿತು ಅನ್ನುವುದರ ಅಳತೆ ಈ ಸಂಖ್ಯೆಗಳು. ಬಣ್ಣ ಗಾಢವಾಗಿದ್ದಾಗ ಎರಡೂ ಗೆರೆ ಸದಾ ಒಟ್ಟಿಗೇ ಇದ್ದವು. ತೆಳುಗೊಳಿಸುತ್ತಾ ಹೋದೆವು. ಪರದೆ ಬಹಳ ಹೊತ್ತು ಖಾಲಿಯಾಗಿಯೇ ಇತ್ತು.

ಆಮೇಲೆ ನನ್ನ ವಿದ್ಯಾರ್ಥಿನಿ ಕೂಗಿದಳು, "ಮೇಡಂ, 914 ಇದೆ, 612 ಇಲ್ಲವೇ ಇಲ್ಲ!" ಕೆಲವು ಸೆಕೆಂಡಿನಲ್ಲಿ ಅದೂ ಹೋಯಿತು. ಸ್ವಲ್ಪ ಹೊತ್ತಿಗೆ 612 ಒಂದೇ ಬಂತು. ಎರಡೂ ಸೇರಿ ಬಂದದ್ದು ತೀರಾ ಅಪರೂಪ. ಸಂದಿಯಲ್ಲಿ ಹತ್ತಾರು ಅಣುಗಳಿದ್ದಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ. ನಮಗೆ ಮಾತೇ ಹೊರಡಲಿಲ್ಲ.

ಈ ಸಂದಿಗಳು ಎಲ್ಲಿ ಹುಟ್ಟುತ್ತವೆ ಅನ್ನುವುದು ಮಾತ್ರ ಇನ್ನೂ ನಮ್ಮ ಕೈಯಲ್ಲಿಲ್ಲ, ಉಪ್ಪು ಮಾಡಿದ್ದೇ ಸರಿ. ಡಿಎನ್‌ಎಯನ್ನು ಮಡಚಿ ಅಚ್ಚಿನ ಹಾಗೆ ಬಳಸಿ, ಎರಡು ಕಣಗಳನ್ನು ಬೇಕಾದಷ್ಟೇ ದೂರದಲ್ಲಿ ಕೂರಿಸುವವರಿದ್ದಾರೆ. ನಾವು ಇನ್ನು ಕೈ ಹಾಕುವುದು ಅದಕ್ಕೇ.