ಎಂಜಿನ್‌ಎಕ್ಸ್‌ನಲ್ಲಿ ಲೊಕೇಶನ್ ನಿಯಮ ಆಯ್ಕೆಯಾಗುವ ಬಗೆ

ಬ್ಯಾಡಗಿಯ ಮೆಣಸಿನಕಾಯಿ ವರ್ತಕರೊಬ್ಬರ ಜಾಲತಾಣವನ್ನು ನಾನು ಹುಬ್ಬಳ್ಳಿಯಿಂದ ನೋಡಿಕೊಳ್ಳುತ್ತೇನೆ. ಅದು ನಡೆಯುವುದು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ; ಯಾವ ವಿಳಾಸದ ಕೋರಿಕೆಗೆ ಏನು ಮಾಡಬೇಕೆಂದು ಅದರ ಕಾನ್ಫಿಗರೇಶನ್ ಕಡತದಲ್ಲಿ ಹೇಳುವುದೇ ಲೊಕೇಶನ್ ನಿಯಮ. ಕಳೆದ ವಾರ ತಾಣದಲ್ಲಿ ಡಬ್ಬಿ, ಕಡ್ಡಿ ತಳಿಗಳ ವಿವರವೆಲ್ಲ ಸರಿಯಾಗಿ ತೆರೆದುಕೊಳ್ಳುತ್ತಿದ್ದರೂ ಫೋಟೊಗಳು ಮಾತ್ರ 404 (ಸಿಗಲಿಲ್ಲ) ಎನ್ನುತ್ತಿದ್ದವು. ‘/ಫೋಟೊ/’ ಎಂದು ಆರಂಭವಾಗುವ ಕೋರಿಕೆಗಳನ್ನೆಲ್ಲ ಹಿಂದಿರುವ ಅಪ್ಲಿಕೇಶನ್‌ಗೆ ಪ್ರಾಕ್ಸಿ ಮಾಡುವ, ಎಂದರೆ ದಾಟಿಸುವ, ನಿಯಮವನ್ನು ನಾನೇ ಬರೆದಿದ್ದೆ. ಆದರೆ ಎರರ್ ಲಾಗ್ ತೆರೆದಾಗ, ಎಂಜಿನ್‌ಎಕ್ಸ್ ಆ ಫೈಲುಗಳನ್ನು ತನ್ನದೇ ಡಿಸ್ಕ್‌ನಲ್ಲಿ ಹುಡುಕಿ ಸೋತಿರುವುದು ಕಂಡಿತು.

ಲೋಗೊ ಮುಂತಾದವುಗಳಿಗಾಗಿ, ‘.ಜೆಪಿಜಿ’ ಎಂದು ಕೊನೆಗೊಳ್ಳುವ ಕೋರಿಕೆಗಳನ್ನು ಡಿಸ್ಕ್‌ನಿಂದಲೇ ಪೂರೈಸುವ ರೆಜೆಕ್ಸ್ (ಅಕ್ಷರಗಳ ವಿನ್ಯಾಸವನ್ನು ವಿವರಿಸುವ ಸೂತ್ರ) ನಿಯಮವೊಂದನ್ನು ಅದೇ ವಾರ ಕೆಳಗೆ ಸೇರಿಸಿದ್ದೆ. ಕೆಳಗಿದ್ದದ್ದು ಮೇಲಿನದನ್ನು ಮೀರುವುದಾದರೂ ಹೇಗೆ ಎಂದುಕೊಂಡು ಫೋಟೊ ನಿಯಮವನ್ನು ಕಡತದ ಮೇಲ್ತುದಿಗೇ ಒಯ್ದೆ, ಏನೂ ಬದಲಾಗಲಿಲ್ಲ. ಇದು ಅಪಾಚೆ ಎಂಬ ಇನ್ನೊಂದು ವೆಬ್ ಸರ್ವರ್‌ನಿಂದ ಬಂದ ರೂಢಿ: ಅಲ್ಲಿ ಕೋರಿಕೆ ದಾಟಿಸುವ ಪ್ರಾಕ್ಸಿಪಾಸ್ ಸಾಲುಗಳನ್ನು ಬರೆದ ಕ್ರಮದಲ್ಲೇ ನೋಡಿ, ಮೊದಲು ಹೊಂದಿದ್ದನ್ನು ಆರಿಸಲಾಗುತ್ತದೆ.

ಎಂಜಿನ್‌ಎಕ್ಸ್‌ನ ಲೆಕ್ಕ ಬೇರೆ. ‘=’ ಚಿಹ್ನೆಯ ನಿಯಮ ಅಕ್ಷರಶಃ ಹೊಂದಿದರೆ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಇಲ್ಲದಿದ್ದರೆ ಅದು ಆರಂಭದ ಭಾಗಕ್ಕೆ ಹೊಂದುವ ನಿಯಮಗಳಲ್ಲಿ, ಬರೆದ ಕ್ರಮವನ್ನು ಲೆಕ್ಕಿಸದೆ, ಅತಿ ಉದ್ದವಾದುದನ್ನು ನೆನಪಿಟ್ಟುಕೊಂಡು, ಆಮೇಲೆ ರೆಜೆಕ್ಸ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಪರೀಕ್ಷಿಸುತ್ತದೆ. ಅವುಗಳಲ್ಲಿ ಮೊದಲು ಹೊಂದಿದ್ದೇ ಗೆಲ್ಲುತ್ತದೆ. ಯಾವುದೂ ಹೊಂದದಿದ್ದಾಗ ಮಾತ್ರ ನೆನಪಿಟ್ಟುಕೊಂಡ ನಿಯಮಕ್ಕೆ ಸರದಿ. ನನ್ನ ‘/ಫೋಟೊ/’ ಎಷ್ಟೇ ಮೇಲಿದ್ದರೂ ‘.ಜೆಪಿಜಿ’ಯ ಮುಂದೆ ನಿಲ್ಲದಿದ್ದುದು ಇದರಿಂದ.

ಪರಿಹಾರವೆಂದರೆ ಎರಡೇ ಚಿಹ್ನೆಗಳು. ಫೋಟೊ ನಿಯಮದ ಮುಂದೆ ‘^~’ ಸೇರಿಸಿದೆ. ಅತಿ ಉದ್ದವಾಗಿ ಹೊಂದಿದ ನಿಯಮಕ್ಕೆ ಈ ಗುರುತಿದ್ದರೆ ರೆಜೆಕ್ಸ್‌ಗಳನ್ನು ಪರೀಕ್ಷಿಸುವುದೇ ಇಲ್ಲ. (‘~’ ಒಂದೇ ಇದ್ದರೆ ಅದು ರೆಜೆಕ್ಸ್ ಎಂದೇ ಅರ್ಥ. ಇಷ್ಟು ಹೋಲುವ ಗುರುತುಗಳನ್ನು ವಿರುದ್ಧ ಕೆಲಸಗಳಿಗೆ ಕೊಟ್ಟಿರುವುದು ನನಗಂತೂ ಸರಿಕಾಣುವುದಿಲ್ಲ.)

ಫೋಟೊ ನಿಯಮವನ್ನೂ ರೆಜೆಕ್ಸ್ ಆಗಿಸಿ ಮೇಲಿಡಬಹುದಿತ್ತು. ಆದರೆ ನನ್ನ ಪ್ರಾಕ್ಸಿ ವಿಳಾಸದ ಕೊನೆಯಲ್ಲಿ ಓರೆಗೆರೆಯಿದೆ. ಅದರಿಂದಲೇ ‘/ಫೋಟೊ/’ ಎಂಬ ಭಾಗ ಕಳಚಿ ಉಳಿದ ದಾರಿಯಷ್ಟೇ ಅಪ್ಲಿಕೇಶನ್‌ಗೆ ತಲುಪುತ್ತದೆ. ರೆಜೆಕ್ಸ್ ಲೊಕೇಶನ್‌ನಲ್ಲಿ ಅಂಥ ವಿಳಾಸವನ್ನು ನೇರವಾಗಿ ಬರೆದರೆ ಕಾನ್ಫಿಗರೇಶನ್ ಪರೀಕ್ಷೆಯೇ ದೋಷ ತೋರಿಸುತ್ತದೆ, ಏಕೆಂದರೆ ಎಷ್ಟನ್ನು ಕಳಚಬೇಕೆಂಬುದು ಅಲ್ಲಿ ನಿಶ್ಚಿತವಿರುವುದಿಲ್ಲ. ಹೀಗಾಗಿ ‘^~’ ಅನ್ನೇ ಉಳಿಸಿಕೊಂಡು, ಪರೀಕ್ಷೆ ನಡೆಸಿ, ರೀಲೋಡ್ ಮಾಡಿದೆ. ಲೋಗೊ ನಿಯಮ ಇದ್ದಲ್ಲೇ ಇದೆ.